ಸ್ಟ್ಯಾಂಡ್ ಮೇಲೆ ಸಿಗದ ದೋಷ

ಮೊದಲು ಬದಲಾಯಿಸಿದ್ದು ಚೈನನ್ನು. ಅದಕ್ಕೂ ಸರಿಹೋಗಲಿಲ್ಲ ಅಂತ ಪೆಡಲುಗಳ ನಡುವಿನ ಬೇರಿಂಗ್ ತೆಗೆದು ಹೊಸದು ಹಾಕಿದೆ. ಆಮೇಲೆ ಹಿಂದಿನ ಚಕ್ರದ ಹಬ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿದೆ. ಒಂದು ವಾರ ಬಿಟ್ಟು ಅದನ್ನೇ ಮತ್ತೆ ಬಿಚ್ಚಿದೆ. ಬ್ರೇಕಿನ ಡಿಸ್ಕ್ ಎಲ್ಲೋ ಉಜ್ಜುತ್ತಿರಬೇಕು ಅಂತ ಕಾಗದದ ಚೂರು ತೂರಿಸಿ ಸಂದು ನೋಡಿದೆ. ಉಜ್ಜುತ್ತಿರಲಿಲ್ಲ. ಹೀಗೆ ಸುಮಾರು ಎರಡು ತಿಂಗಳು, ಕಾಯಿಲೆ ಬಂದದ್ದು ನನಗೆ, ಔಷಧಿ ಮಾಡಿದ್ದು ಸೈಕಲ್ಲಿಗೆ.

ನನ್ನ ಹೆಸರು ರಿಯಾಜ್. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ತಂದೆಯ ಕಾಲದಲ್ಲಿ ಅದು ಬಾಡಿಗೆ ಸೈಕಲ್ ಅಂಗಡಿ. ಈಗ ಬರುವುದೆಲ್ಲ ಗೇರ್ ಸೈಕಲ್ಲುಗಳು, ಅರ್ಧಕ್ಕರ್ಧ ಶಿವಮೊಗ್ಗದಿಂದ ಕಾರಿನ ತಲೆಯ ಮೇಲೆ ಕೂತು ಬರುತ್ತವೆ. ವಾರವಿಡೀ ಬೇರೆಯವರ ಸೈಕಲ್ ರಿಪೇರಿ ಮಾಡಿ, ಭಾನುವಾರ ಬೆಳಿಗ್ಗೆ ನನ್ನ ಮೌಂಟನ್ ಬೈಕ್ ಹತ್ತಿ ಕಾಡುದಾರಿಗೆ ಹೋಗುವುದು ನನ್ನ ಚಟ. ಬೀಡಿ ಇಲ್ಲ, ಇಸ್ಪೀಟಿಲ್ಲ, ಇದೊಂದೇ. ಜೊತೆಗೆ ಭಟ್ಟರು ಇರುತ್ತಾರೆ. ಅವರು ಶಿವಮೊಗ್ಗದ ಗೋಪಾಳದಲ್ಲಿರುವ ಹೈಸ್ಕೂಲ್ ಸಂಸ್ಕೃತ ಮೇಷ್ಟ್ರು. ಹಕ್ಕಿಯ ಫೋಟೋ ತೆಗೆಯುವ ಹುಚ್ಚು. ಅವರು ಹೊಸ ಕ್ಯಾಮೆರಾ ಕೊಂಡಾಗ ಹಳೆಯದು ನನಗೆ ಬಂತು. ಆಗಿನಿಂದ ನಾನೂ ಫೋಟೋ ತೆಗೆಯುತ್ತೇನೆ, ಆದರೆ ಹಕ್ಕಿಯದಲ್ಲ. ಹಕ್ಕಿ ಕಾಯುವಷ್ಟು ತಾಳ್ಮೆ ನನಗಿಲ್ಲ. ದಾರಿ, ಮಂಜು, ತೇಗದ ತೋಪಿನಲ್ಲಿ ಅಡ್ಡ ಬೀಳುವ ಬಿಸಿಲು, ಇಂಥವು ಕಾಯಿಸುವುದಿಲ್ಲ.

ಈ ಕಾಯಿಲೆ ಬಂದಾಗ, ಇದನ್ನು ಅನುಭವಿಸಿದ ಒಬ್ಬರಾದರೂ ಕನ್ನಡದಲ್ಲಿ ಏನಾದರೂ ಬರೆದಿದ್ದಾರಾ ಅಂತ ಮೊಬೈಲಿನಲ್ಲಿ ಹುಡುಕಿದೆ. ನನಗೆ ಸಿಗಲಿಲ್ಲ. ಸಂಜೆಯಾದರೆ ರೆಪ್ಪೆ ಇಳಿಯುವ, ಊಟದ ಮಧ್ಯೆ ದವಡೆ ನಿಂತುಹೋಗುವ ಯಾರಾದರೂ ಇದ್ದರೆ ಅವರ ಕೈಗೆ ಇದು ಸಿಗಲಿ. ಬರವಣಿಗೆಯನ್ನು ಭಟ್ಟರು ತಿದ್ದಿದ್ದಾರೆ. ಜಗಳವಾಡಿ ನಾನು ಕೆಲವನ್ನು ವಾಪಸ್ ಹಾಕಿದ್ದೇನೆ.

ಶುರುವಾದದ್ದು ಆಯನೂರಿನ ಆಚೆ. ವ್ಯಾನಿನಲ್ಲಿ ಸೈಕಲ್ ಹಾಕಿಕೊಂಡು ಅಲ್ಲಿಯವರೆಗೆ ಹೋಗಿ, ಅಲ್ಲಿಂದ ನೆಡುತೋಪಿನ ಮಣ್ಣುದಾರಿ ಹಿಡಿಯುತ್ತಿದ್ದೆವು. ಕೊನೆಗೊಂದು ಕಡಿದಾದ ಏರು ಇದೆ. ಅದಕ್ಕೆ ನಾವಿಟ್ಟ ಹೆಸರು ಅತ್ತೆ ದಿಬ್ಬ. ಆ ದಿನ ಅರ್ಧ ದಿಬ್ಬಕ್ಕೆ ಬರುವಾಗ ಪೆಡಲ್ ಕಲ್ಲಾಯಿತು. ಇಳಿದು ಐದು ನಿಮಿಷ ಚಕ್ರ ತಿರುಗಿಸಿ ನೋಡಿ, ಎಲ್ಲ ಸರಿಯಿದೆ ಅಂತ ಮತ್ತೆ ಹತ್ತಿದರೆ ಸಲೀಸಾಗಿ ಹೋಯಿತು. ನೂರು ಮಾರು ಹೋಗುವುದರೊಳಗೆ ಮತ್ತೆ ಕಲ್ಲು.

ಇಳಿಜಾರಿನಲ್ಲಿ ಇನ್ನೊಂದು ತರಲೆ. ಬ್ರೇಕ್ ಹಿಡಿದ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬ್ರೇಕಿನ ಎಣ್ಣೆಯಲ್ಲಿ ಗಾಳಿ ಸೇರಿದೆ ಅಂತ ಅದನ್ನೂ ಬದಲಿಸಿದೆ. ಕೊನೆಗೆ ಭಟ್ಟರನ್ನೇ ನನ್ನ ಸೈಕಲ್ ಮೇಲೆ ಹತ್ತಿಸಿ ಕಳಿಸಿದೆ. ಅವರು ದಿಬ್ಬದ ತುದಿಗೆ ಹೋಗಿ, ಇಳಿದು ಬಂದು, "ಇದು ಬೆಣ್ಣೆ ಹಾಗೆ ಹೋಗ್ತದಲ್ಲ ಮಾರಾಯ. ನನ್ನದನ್ನ ನೀನಿಟ್ಕೋ, ಇದನ್ನ ನಂಗೆ ಕೊಡು" ಅಂದರು.

"ನಿಮಗೆ ಬೇರಿಂಗ್ ಅಂದ್ರೇನು ಅಂತ ಗೊತ್ತಾ ಭಟ್ರೆ?" ಅಂದೆ. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಕೈಗೆ ದೋಷ ಸಿಗುತ್ತಿಲ್ಲ ಅಂದರೆ ಕೈಯಲ್ಲೇ ದೋಷ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ಕಣ್ಣಿನ ವಿಷಯವೂ ಹಾಗೇ ಆಯಿತು. ಕ್ಯಾಮೆರಾದ ಕಿಂಡಿಗೆ ನಾನು ಬಲಗಣ್ಣು ಒತ್ತಿ, ಎಡಗಣ್ಣು ಮುಚ್ಚಿ ನೋಡುವವನು. ಫೋಟೋಗಳೆಲ್ಲ ಚೆನ್ನಾಗಿ ಬರುತ್ತಿದ್ದವು. ಕ್ಯಾಮೆರಾ ಕೆಳಗಿಳಿಸಿದರೆ ಮಾತ್ರ ಒಂದು ದಾರಿ ಎರಡಾಗುತ್ತಿತ್ತು. ಒಂದು ಸಂಜೆ ಶಿವಮೊಗ್ಗದಿಂದ ಬರುವಾಗ ಎದುರಿಗೆ ಎರಡು ಲಾರಿ ಒಟ್ಟಿಗೆ ಬಂದವು. ಯಾವುದು ನಿಜವಾದದ್ದು ಅಂತ ಗೊತ್ತಾಗದೆ ವ್ಯಾನನ್ನು ಪಕ್ಕಕ್ಕೆ ಇಳಿಸಿ ನಿಲ್ಲಿಸಿದೆ. ಒಂದು ಕಣ್ಣು ಮುಚ್ಚಿದೆ, ಒಂದೇ ದಾರಿ ಆಯಿತು. ಹಾಗೇ ಒಂದು ಕಣ್ಣು ಮುಚ್ಚಿಕೊಂಡು ಮನೆಗೆ ಬಂದೆ. ಮಾರನೆಯ ದಿನ ಹೊಸ ಕನ್ನಡಕ ಮಾಡಿಸಲು ಹೋದೆ.

ಮನೆಯಲ್ಲಿ ನಾವು ಮಾತಾಡುವುದು ದಖ್ಖನಿ. ಮಗಳು ನಮ್ಮನ್ನು ಕರೆಯುವ 'ಅಬ್ಬಾ', 'ಅಮ್ಮಿ' ಬಿಟ್ಟು ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಹೆಂಡತಿ ನಸ್ರೀನ್ ಪ್ರೈಮರಿ ಶಾಲೆಯ ಟೀಚರ್. ಮಗಳು ಅಫ್ರೀನ್ ಪಿಯುಸಿ ಓದುತ್ತಿದ್ದಳು. ನನ್ನ ಎಡಗಣ್ಣಿನ ರೆಪ್ಪೆ ಸಂಜೆ ಹೊತ್ತಿಗೆ ಅರ್ಧ ಇಳಿದಿರುತ್ತದೆ ಅಂತ ಮೊದಲು ಗಮನಿಸಿದವಳು ಅಫ್ರೀನ್. "ಅಬ್ಬಾ, ಯಾರಿಗೋ ಕಣ್ಣು ಹೊಡೆದು ಹಾಗೇ ಬಿಟ್ಟಂಗಿದೆ" ಅಂದಳು. ಮೂವರೂ ನಕ್ಕೆವು.

ಆದರೆ ಬಜಾರಿನಲ್ಲಿ ಬೇರೆ ಅರ್ಥ ಹುಟ್ಟಿತು. ಸಂಜೆ ಆರರ ಮೇಲೆ ನನ್ನ ಮಾತು ಮೂಗಿನಿಂದ ಬರುತ್ತಿತ್ತು, ನಾಲಿಗೆ ತೊಡರುತ್ತಿತ್ತು. ಕಣ್ಣು ಅರ್ಧ ಮುಚ್ಚಿದ, ಮಾತು ತೊದಲುವ, ನಡೆಯುವಾಗ ಬಾಗಿಲ ಚೌಕಟ್ಟು ಹಿಡಿಯುವ ಮನುಷ್ಯನನ್ನು ನೋಡಿದರೆ ಜನ ಏನಂದುಕೊಳ್ಳುತ್ತಾರೆ? ಒಂದು ದಿನ ನನ್ನ ದೊಡ್ಡಣ್ಣ ಜಬ್ಬಾರ್ ಅಂಗಡಿಗೆ ಬಂದು, ಸುಮ್ಮನೆ ಕೂತು, ಮಾತಾಡುವ ನೆಪದಲ್ಲಿ ಮುಖವನ್ನು ನನ್ನ ಬಾಯಿಯ ಹತ್ತಿರ ತಂದ. ವಾಸನೆ ನೋಡುತ್ತಿದ್ದಾನೆ ಅಂತ ಗೊತ್ತಾಗಲು ನನಗೆ ಎರಡು ನಿಮಿಷ ಬೇಕಾಯಿತು.

"ಬೇಕಾದ್ರೆ ಮೂಸು, ಸರಿಯಾಗಿ ಮೂಸು" ಅಂತ ಬಾಯಿ ತೆರೆದೆ.

"ಜನ ಹೇಳ್ತಾರೆ ಕಣೋ. ನಾನೇನು ಮಾಡ್ಲಿ?" ಅಂದ.

ಹುಟ್ಟಿದಾಗಿನಿಂದ ನೋಡಿದವನೂ ಹೀಗೆಂದನಲ್ಲ ಅಂತ ನನಗೆ ತುಂಬ ನೋವಾಯಿತು. ಅವತ್ತು ಸಂಜೆ ನಮಾಜಿಗೆ ಹೋದಾಗ ಬೇಕಂತಲೇ ಮೊದಲ ಸಾಲಿನಲ್ಲಿ ನಿಂತೆ. ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ.

ಅದಾದ ಮೇಲೆ ಡಾಕ್ಟರುಗಳ ಸುತ್ತಾಟ ಶುರುವಾಯಿತು. ಮೊದಲು ಓಲ್ಡ್ ಟೌನಿನ ನಮ್ಮ ಹಳೇ ಡಾಕ್ಟರು ಶಕ್ತಿಯ ಇಂಜೆಕ್ಷನ್ ಕೊಟ್ಟರು. ಆಮೇಲೆ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರು, ಅದಾದ ಮೇಲೆ ಅಲ್ಲಿಯೇ ಒಬ್ಬ ಫಿಸಿಷಿಯನ್. ಎಲ್ಲ ಕಡೆಯೂ ಒಂದೇ ಕಥೆ. ಟೋಕನ್ ತೆಗೆದುಕೊಂಡು ಎರಡು ಮೂರು ಗಂಟೆ ಕೂರಬೇಕು. ಒಂದಕ್ಕೊಂದು ಜೋಡಿಸಿದ ಕಬ್ಬಿಣದ ಕುರ್ಚಿಗಳು, ಸದ್ದು ಬಂದ್ ಮಾಡಿದ ಟಿವಿ, ಪಕ್ಕದಲ್ಲಿ ಅಡಿಕೆ ಕೊಯ್ಲಿನ ಮಧ್ಯೆ ಬಿಡುವು ಮಾಡಿಕೊಂಡು ಬಂದು ಚಡಪಡಿಸುವ ಯಾರೋ ಒಬ್ಬರು. ಬೆಳಿಗ್ಗೆಯಿಂದ ಕೈಕಾಲು ಆಡಿಸದೆ, ಕಣ್ಣು ಮುಚ್ಚಿಕೊಂಡು, ಮಾತಾಡದೆ ಕೂರುತ್ತಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ರೆಪ್ಪೆ ಮೇಲೆ, ಮಾತು ಸ್ಪಷ್ಟ, ಕೈಯಲ್ಲಿ ಹಿಡಿತ.

"ಗಟ್ಟಿಯಾಗಿ ಹಿಡೀರಿ" ಅಂತ ಫಿಸಿಷಿಯನ್ ತಮ್ಮ ಎರಡು ಬೆರಳು ಕೊಟ್ಟರು. ಹಿಡಿದೆ. "ಅಯ್ಯೋ, ಬಿಡಿ ಬಿಡಿ. ಮೆಕ್ಯಾನಿಕ್ ಕೈ ಅಲ್ವಾ!" ಅಂತ ನಕ್ಕರು. ರಕ್ತ, ಇಸಿಜಿ, ಥೈರಾಯ್ಡ್ ಎಲ್ಲವೂ ಸರಿಯಿತ್ತು. "ಮನೆಯಲ್ಲಿ ಏನಾದ್ರೂ ಟೆನ್ಶನ್ ಇದೆಯಾ?" ಅಂತ ಕೇಳಿದರು. ಮನೆಯ ಟೆನ್ಶನ್ ಪಕ್ಕದಲ್ಲೇ ಕೂತಿದ್ದಳು. ನಸ್ರೀನ್ ಮುಖ ಕೆಂಪಾಯಿತು. ಹೊರಗೆ ಬಂದು ಬಸ್ ಸ್ಟ್ಯಾಂಡಿನವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಅವಳಿಗೆ ಭಯ ಹುಟ್ಟಿದ್ದು ಒಂದು ಮದುವೆ ಊಟದಲ್ಲಿ. ಬಿರಿಯಾನಿಯ ನಾಲ್ಕನೇ ತುತ್ತಿಗೆ ನನ್ನ ದವಡೆ ನಿಂತಿತು. ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ಎಡಗೈಯಿಂದ ಗದ್ದ ಎತ್ತಿ ಹಿಡಿದುಕೊಂಡು ಅಗಿಯಲು ನೋಡಿದೆ. ಹೆಂಗಸರ ಪಂಕ್ತಿಯಿಂದ ಅವಳು ನೋಡುತ್ತಿದ್ದಳು. ತುತ್ತನ್ನು ಕರವಸ್ತ್ರಕ್ಕೆ ಉಗಿದು ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದ ಮೇಲೆ ಅವಳು ಆ ಕರವಸ್ತ್ರವನ್ನು ತೊಳೆದು ಹಾಕಿದಳು. 

ಮುಂದಿನ ಶನಿವಾರ ಶಾಲೆ ಬಿಟ್ಟು ಅವಳು ಅಂಗಡಿಗೆ ಊಟ ತಂದಿದ್ದಳು. ಒಬ್ಬ ಗಿರಾಕಿ ನನ್ನ ಜೊತೆ ವಾದ ಮಾಡುತ್ತಿದ್ದ. ಏರಿನಲ್ಲಿ ಮಾತ್ರ ಗೇರ್ ಜಾರುತ್ತದಂತೆ, ಬೇರೆ ಎರಡು ಅಂಗಡಿಯವರು ತಿರುಗಿಸಿ ನೋಡಿ ಏನೂ ಇಲ್ಲ ಅಂದಿದ್ದಾರಂತೆ. ನಾನು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ: "ಸರ್, ಸ್ಟ್ಯಾಂಡ್ ಮೇಲೆ ಎಲ್ಲಾ ಸೈಕಲ್ಲೂ ಸರಿಯಾಗೇ ಇರುತ್ತೆ. ಲೋಡ್ ಬೀಳ್ಬೇಕು, ಆಗ ಗೊತ್ತಾಗೋದು. ಬಿಟ್ಟು ಹೋಗಿ, ನಾನು ಏರು ಹತ್ತಿಸಿ ನೋಡ್ತೀನಿ." ಇದು ನಮ್ಮ ಅಂಗಡಿಯ ಪದ್ಧತಿ. ಹತ್ತಿ ತುಳಿಯದೆ ಯಾವ ಸೈಕಲ್ಲಿಗೂ ನಾನು ಸರಿಯಾಯಿತು ಅನ್ನುವುದಿಲ್ಲ.

ಗಿರಾಕಿ ಹೋದ ಮೇಲೆ ನಸ್ರೀನ್ ಊಟದ ಡಬ್ಬಿ ಮುಚ್ಚಳ ತೆಗೆಯದೆ ನಿಂತಿದ್ದಳು.

"ಎಲ್ಲಾ ಡಾಕ್ಟ್ರೂ ನಿಮ್ಮನ್ನ ಸ್ಟ್ಯಾಂಡ್ ಮೇಲೆ ಇಟ್ಟೇ ನೋಡಿದಾರೆ" ಅಂದಳು.

 ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅವಳ ಮುಖ ನೋಡಿದೆ. ಸೈಕಲ್ ಮುಟ್ಟದ ಹೆಂಗಸು ಅವಳು. ನಾನು ಮೂವತ್ತು ವರ್ಷ ಹೇಳಿಕೊಂಡು ಬಂದದ್ದನ್ನು ನನ್ನ ಮೇಲೆ ಹಾಕಿ ನೋಡಲು ಅವಳೇ ಬೇಕಾಯಿತು.

ಶಿವಮೊಗ್ಗದಲ್ಲಿ ಒಬ್ಬ ನರರೋಗದ ಡಾಕ್ಟರ ಹತ್ತಿರ ಭಟ್ಟರು ಹೆಸರು ಬರೆಸಿದರು. ಆ ದಿನ ನಾನು ಕೂರಲಿಲ್ಲ, ಭಟ್ಟರೂ ನಸ್ರೀನೂ ಕೂರಲು ಬಿಡಲಿಲ್ಲ. ಭಟ್ಟರು ಟೋಕನ್ ಬೋರ್ಡಿನ ಕೆಳಗೆ ನಿಂತು, ನನಗಿಂತ ಮುಂದೆ ಇನ್ನೆಷ್ಟು ಜನ ಇದ್ದಾರೆ ಅಂತ ಬೆರಳಲ್ಲಿ ತೋರಿಸುತ್ತಿದ್ದರು. ನಾನು ಮೂರು ಮಹಡಿ ಮೆಟ್ಟಿಲು ಹತ್ತುವುದು, ಇಳಿಯುವುದು. ಪ್ರತಿ ಮಹಡಿಯಲ್ಲೂ ನಿಂತು ಫ್ಯಾನನ್ನು ದಿಟ್ಟಿಸುವುದು. ಕೈಯಲ್ಲಿ ಅಂಗಡಿಯಿಂದ ತಂದ ಒಂದು ಬ್ರೇಕ್ ಹಿಡಿ, ಅದನ್ನು ಒತ್ತುತ್ತಲೇ ಇರುವುದು. ನಸ್ರೀನ್ ಪೇಪರ್ ಕೊಟ್ಟು, "ಜೋರಾಗಿ ಓದಿ" ಅಂದಳು. ಅಡಿಕೆ ಧಾರಣೆ, ನೀರಿನ ಮಟ್ಟ, ಶ್ರದ್ಧಾಂಜಲಿ, ಎಲ್ಲವನ್ನೂ ಮಗ್ಗಿ ಒಪ್ಪಿಸುವ ಹಾಗೆ ಓದಿದೆ.

ರಿಸೆಪ್ಷನ್ನಿನ ಹುಡುಗಿ, "ಸರ್, ಇಲ್ಲಿ ಪೇಷಂಟ್ಸ್ ಇದಾರೆ" ಅಂದಳು.

"ನಾನೂ ಪೇಷಂಟೇ ಕಣಮ್ಮ" ಅಂದೆ.

ಕುಂಸಿ ಕಡೆಯ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ನಾಲ್ಕನೇ ಸಲ ಮೆಟ್ಟಿಲು ಇಳಿದು ಬಂದಾಗ ನಸ್ರೀನಳನ್ನು ಮೆಲ್ಲಗೆ ಕೇಳಿದರು: "ಹರಕೆನೇನವ್ವ?"

"ಹೂಂ ಅಜ್ಜಿ, ಹರಕೆನೇ" ಅಂದಳು ನಸ್ರೀನ್. ಅಜ್ಜಿ ತಮ್ಮ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟರು. ತಿನ್ನಲು ದವಡೆಯಲ್ಲಿ ಶಕ್ತಿ ಇರಲಿಲ್ಲ. ಜೇಬಿಗೆ ಹಾಕಿಕೊಂಡೆ.

ಭಟ್ಟರು ಒಂದು ಬೆರಳು ತೋರಿಸಿದರು. ನನ್ನ ಎಡಗಣ್ಣು ಪೂರ್ತಿ ಮುಚ್ಚಿತ್ತು, ಬಲಗಣ್ಣು ಮುಕ್ಕಾಲು. ಒಳಗೆ ಹೋಗಿ ಹೆಸರು ಹೇಳಿದರೆ ಮೂಗಿನಲ್ಲಿ ಏನೋ ಗೊಣಗಿದ ಹಾಗೆ ಕೇಳಿಸಿತು. ಡಾಕ್ಟರು ಫೈಲ್ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದರು. "ಬೆಳಿಗ್ಗೆ ಸರಿ ಇರುತ್ತೆ, ಸಂಜೆಗೆ ಹೀಗಾಗುತ್ತೆ. ಅಲ್ವಾ?" ಅಂದರು. ಆ ಒಂದು ಪ್ರಶ್ನೆಗೆ ನನಗೆ ಅಳು ಬಂತು. ಅಷ್ಟು ದಿನದಲ್ಲಿ ನಾನು ಹೇಳುವ ಮೊದಲೇ ನನ್ನ ಕಷ್ಟವನ್ನು ಹೇಳಿದವರು ಅವರೊಬ್ಬರೇ.

ಅವರು ರಬ್ಬರ್ ಗ್ಲೌಸಿನಲ್ಲಿ ಮಂಜುಗಡ್ಡೆ ತುಂಬಿಸಿ ತರಿಸಿ, ಎಡಗಣ್ಣಿನ ರೆಪ್ಪೆಯ ಮೇಲೆ ಎರಡು ನಿಮಿಷ ಒತ್ತಿ ಹಿಡಿದರು. ತೆಗೆದಾಗ ರೆಪ್ಪೆ ಎದ್ದಿತ್ತು. ಎರಡೂ ಕಣ್ಣಿನಿಂದ ನೋಡಿದರೂ ಡಾಕ್ಟರು ಒಬ್ಬರೇ ಕಂಡರು. ಮಂಜುಗಡ್ಡೆ ಇಡುವ ಮೊದಲೇ ಒಂದು ಫೋಟೋ ತೆಗೆಸಿದ್ದರು, ಈಗ ಇನ್ನೊಂದು ತೆಗೆಯಿರಿ ಅಂದರು. ಭಟ್ಟರು ಮೊಬೈಲ್ ತೆಗೆದು, ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿ, "ಟ್ಯೂಬ್‌ಲೈಟಿನಲ್ಲಿ ನೆರಳು ಸರಿ ಬರಲ್ಲ" ಅಂದರು. ಡಾಕ್ಟರೂ ನಕ್ಕರು.

ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ಡಾಕ್ಟರು ನನ್ನ ಕೆಲಸ ಕೇಳಿ ತಿಳಿದುಕೊಂಡು ಹೀಗೆ ಹೇಳಿದರು: "ಕೇಬಲ್ ಅಂದ್ರೆ ನರ, ಅದು ಚೆನ್ನಾಗಿದೆ. ಬ್ರೇಕ್ ಅಂದ್ರೆ ಸ್ನಾಯು, ಅದೂ ಚೆನ್ನಾಗಿದೆ. ಎರಡೂ ಸೇರೋ ಜಾಗದಲ್ಲಿ ತೊಂದ್ರೆ. ಪೂರ್ತಿ ವಾಸಿ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಇದನ್ನ ಹಿಡಿತದಲ್ಲಿ ಇಟ್ಕೊಂಡು ಬದುಕ್ತಾರೆ ಜನ." ಇದಕ್ಕಿಂತ ಹೆಚ್ಚು ವಿವರಣೆ ನನಗೆ ಇವತ್ತಿಗೂ ಬೇಕಾಗಿಲ್ಲ. ಈ ಕಾಯಿಲೆಯ ಕೆಲವರಿಗೆ ಎದೆಯೊಳಗೆ ಗಡ್ಡೆ ಇರುತ್ತದಂತೆ, ಅದಕ್ಕೆ ಎದೆಯ ಸ್ಕ್ಯಾನ್ ಆಯಿತು, ಅದರಲ್ಲಿ ಗಡ್ಡೆಯೇನೂ ಇರಲಿಲ್ಲ. ಜಬ್ಬಾರ್ ಅಣ್ಣ ರಿಪೋರ್ಟ್ ಹಿಡಿದುಕೊಂಡು ಬಜಾರಿನಲ್ಲಿ ಎಲ್ಲರಿಗೂ ತೋರಿಸಿ ಬಂದ. ಇಂಗ್ಲಿಷ್ ಓದಲು ಬಾರದವರಿಗೂ ತೋರಿಸಿದನಂತೆ. ಅಫ್ರೀನ್ ಮಾತ್ರ ಹೆಸರನ್ನು ಮೊಬೈಲಿನಲ್ಲಿ ಹಾಕಿ ಏನೇನೋ ಓದಿ, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದಿನಲ್ಲಿ ಕೇಳಿಸುವುದಿಲ್ಲ ಅಂದುಕೊಂಡಿದ್ದಳು ಪಾಪ.

ಮೊದಲ ಮಾತ್ರೆ ತೆಗೆದುಕೊಂಡ ದಿನ ನಸ್ರೀನ್ ಚಪಾತಿ ಮಾಡಿದ್ದಳು. ಒಂದು ಚಪಾತಿಯನ್ನು ಗದ್ದ ಹಿಡಿಯದೆ ಕೊನೆಯವರೆಗೂ ಅಗಿದು ನುಂಗಿದೆ. ಎರಡನೆಯದನ್ನೂ ತಿಂದೆ. ಮೂರನೆಯದಕ್ಕೆ ಅವಳು ಲಟ್ಟಣಿಗೆ ಬಿಟ್ಟು ಎದುರಿಗೆ ಬಂದು ಕೂತಳು. ಅಗಿಯುವುದು ಇಷ್ಟು ಸುಖದ ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ.

ಇಲ್ಲಿಗೇ ಕಥೆ ಮುಗಿದಿದ್ದರೆ ನಾನು ಒಳ್ಳೆಯ ರೋಗಿ ಅನ್ನಿಸಿಕೊಳ್ಳುತ್ತಿದ್ದೆ. ಎರಡು ತಿಂಗಳಲ್ಲಿ ರೆಪ್ಪೆ ಮೇಲೆ ನಿಂತಿತು, ತೊದಲು ನಿಂತಿತು, ನಾನು ಮಾತ್ರ ನಿಲ್ಲಲಿಲ್ಲ. ಡಾಕ್ಟರು ನಿಧಾನಕ್ಕೆ ಸಮದಾರಿಯಲ್ಲಿ ಓಡಾಡಿ ಅಂದಿದ್ದರು. ನಾನು ಭಾನುವಾರ ವ್ಯಾನಿಗೆ ಸೈಕಲ್ ಹಾಕಿದೆ. ಅವತ್ತು ನೆಗಡಿಯಿತ್ತು, ಮನೆಯಲ್ಲಿ ಹೇಳಲಿಲ್ಲ. ಕೆರೆಯ ಹತ್ತಿರ ಫೋಟೋ ತೆಗೆಯುತ್ತೇವೆ, ಅಷ್ಟೇ ಅಂತ ಸುಳ್ಳು ಹೇಳಿದೆ. ಅತ್ತೆ ದಿಬ್ಬದ ಬುಡದಲ್ಲಿ ಕಾಲು ಭಾರ ಅನ್ನಿಸಿತು. ಭಟ್ಟರು ಮುಂದೆ ಹೋಗುವುದನ್ನು ಕಾದು, ಜೇಬಿನಿಂದ ಇನ್ನೊಂದು ಮಾತ್ರೆ ತೆಗೆದು ನುಂಗಿದೆ. ಟೈರಿಗೆ ಗಾಳಿ ಕಡಿಮೆಯಾದರೆ ಇನ್ನೆರಡು ಪಂಪ್ ಹೊಡೆಯುವುದಿಲ್ಲವಾ, ಅಷ್ಟೇ ಅಂದುಕೊಂಡೆ. ನನ್ನಂಥ ಮೆಕ್ಯಾನಿಕ್ಕೇ ಮಾಡಬೇಕಾದ ತಪ್ಪು ಅದು. ಈ ಮಾತ್ರೆ ಹೆಚ್ಚಾದರೂ ಶಕ್ತಿ ಕುಂದುತ್ತದೆ ಅಂತ ಆಮೇಲೆ ಗೊತ್ತಾಯಿತು.

ತುದಿ ತಲುಪಿದೆ. ಫೋಟೋ ಕೂಡ ತೆಗೆದೆ. ನೀರು ಕುಡಿದರೆ ಮೂಗಿನಿಂದ ಬಂತು. ಭಟ್ಟರು ಏನೋ ಕೇಳಿದರು, ಉತ್ತರ ಕೊಡಲು ಒಂದು ಉಸಿರಿಗೆ ಎರಡು ಪದಕ್ಕಿಂತ ಹೆಚ್ಚು ಬರಲಿಲ್ಲ. ಕತ್ತು ತಲೆಯ ಭಾರ ತಡೆಯದೆ ಎದೆಗೆ ಬಿತ್ತು. ಭಟ್ಟರು ಎರಡೂ ಸೈಕಲ್ ಅಲ್ಲೇ ಬಿಟ್ಟು, ನನ್ನನ್ನು ಅರ್ಧ ಹೊತ್ತು ಅರ್ಧ ಎಳೆದು ವ್ಯಾನಿನವರೆಗೆ ತಂದರು. ಅವರಿಗೆ ಡ್ರೈವಿಂಗ್ ಅಷ್ಟಕ್ಕಷ್ಟೇ. ಎರಡನೇ ಗೇರಿನಲ್ಲೇ ಆಯನೂರು ದಾಟಿ, ಏನೋ ಮಂತ್ರ ಹೇಳಿಕೊಳ್ಳುತ್ತ ಶಿವಮೊಗ್ಗದವರೆಗೆ ಓಡಿಸಿದರು. ದಾರಿಯಲ್ಲಿ ಒಂದೇ ಸಲ ನನ್ನ ಕಡೆ ತಿರುಗಿ, "ಕಣ್ಣು ಮುಚ್ಚಬೇಡ ಮಾರಾಯ" ಅಂದರು. ನಾನು ಮುಚ್ಚಿರಲಿಲ್ಲ, ಅದು ತಾನಾಗಿ ಮುಚ್ಚಿತ್ತು.

ಹನ್ನೊಂದು ದಿನ ಐಸಿಯುನಲ್ಲಿದ್ದೆ. ಮುಖಕ್ಕೆ ಬಿಗಿಯಾಗಿ ಕಟ್ಟಿದ ಮಾಸ್ಕ್ ನನ್ನ ಪರವಾಗಿ ಉಸಿರಾಡುತ್ತಿತ್ತು. ಸಾಯುತ್ತೇನೆ ಅಂತ ಭಯವಾಯಿತು. ಅದನ್ನು ಮುಚ್ಚಿಡುವುದರಲ್ಲಿ ಏನೂ ಇಲ್ಲ. ಎಲ್ಲ ಕೇಳಿಸುತ್ತದೆ, ಎಲ್ಲ ಗೊತ್ತಾಗುತ್ತದೆ, ಆದರೆ ಒಂದು ಬೆರಳು ಎತ್ತಲಾಗುವುದಿಲ್ಲ. ಕಣ್ಣು ತೆರೆಯದ ಕಾರಣ ನಾನು ನಿದ್ದೆಯಲ್ಲಿದ್ದೇನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸೆಲ್ವಿ ಅನ್ನುವ ನರ್ಸ್ ಒಬ್ಬಳು ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ತಮಿಳು ಹುಡುಗಿ. ಪ್ರತಿ ಸಲ ಬಂದಾಗಲೂ ತನ್ನ ಬೆರಳಿನಿಂದ ನನ್ನ ರೆಪ್ಪೆ ಎತ್ತಿ, ತನ್ನ ಮುಖ ತೋರಿಸಿ, "ಅಣ್ಣಾ, ನಾನು ಸೆಲ್ವಿ. ಈಗ ಬೆಳಿಗ್ಗೆ ಹತ್ತು ಗಂಟೆ. ಹೊರಗೆ ಬಿಸಿಲಿದೆ" ಅನ್ನುತ್ತಿದ್ದಳು. ಅವಳು ಹೊರಗಿನ ಬೆಳಕು ಹೇಳದೆ ಒಂದು ದಿನವೂ ಹೋಗಲಿಲ್ಲ.

ಐದೋ ಆರೋ ದಿನಕ್ಕೆ ಬೆರಳು ಆಡಿದವು. ಸೆಲ್ವಿ ಒಂದು ಸ್ಲೇಟ್ ತಂದು ಬಳಪ ಹಿಡಿಸಿದಳು. ನಸ್ರೀನ್ ಪಕ್ಕದಲ್ಲಿ ಬಗ್ಗಿ ನಿಂತಿದ್ದಳು. ನಾನು ಕಷ್ಟಪಟ್ಟು, ಅಕ್ಷರದ ಮೇಲೆ ಅಕ್ಷರ ಹತ್ತಿಸಿ ಬರೆದದ್ದು ಎರಡು ಪದ.

"ಸೈಕಲ್ ಎಲ್ಲಿ?"

ನಸ್ರೀನ್ ಓದಿದಳು. ಸ್ಲೇಟನ್ನು ಸೆಲ್ವಿಯ ಕೈಗೆ ಕೊಟ್ಟು ಹೊರಗೆ ಹೋದಳು. ಅವತ್ತು ಮತ್ತೆ ಒಳಗೆ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಅಫ್ರೀನ್ ಬಂದು, "ಅಮ್ಮಿ ಹೊರಗೆ ಕುರ್ಚಿ ಮೇಲೆ ಕೂತಿದಾರೆ" ಅಂತಷ್ಟೇ ಹೇಳಿದಳು. ಐದು ದಿನದಿಂದ ಅದೇ ಕುರ್ಚಿಯ ಮೇಲೆ ಕೂತಿದ್ದವಳನ್ನು ನಾನು ಕೇಳಿರಲಿಲ್ಲ. ಮಗಳನ್ನು ಕೇಳಿರಲಿಲ್ಲ. ಕಬ್ಬಿಣವನ್ನು ಕೇಳಿದ್ದೆ. ನಾಚಿಕೆಯಾಯಿತು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮೂರನೆಯ ದಿನ ಬಂದಳು. ಹಾಸಿಗೆಯ ಪಕ್ಕ ನಿಂತು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಮಾತಾಡಿದಳು. "ಕಾಯಿಲೆ ನಿಮ್ಮ ತಪ್ಪಲ್ಲ. ಅದನ್ನ ನಾನು ನೋಡ್ಕೋತೀನಿ. ಎಷ್ಟು ವರ್ಷ ಬೇಕಾದ್ರೂ ನೋಡ್ಕೋತೀನಿ. ಆದ್ರೆ ನೀವು ನಂಗೆ ಸುಳ್ಳು ಹೇಳಿ ಹೋಗಿ, ಆಸ್ಪತ್ರೆಯವರು ಫೋನ್ ಮಾಡಿ ಬನ್ನಿ ಅನ್ನೋದು, ಅದನ್ನ ಇನ್ನೊಂದ್ಸಲ ತಡ್ಕೊಳ್ಳಲ್ಲ."

ನಾನು ಮನೆಗೆ ಬರುವಷ್ಟರಲ್ಲಿ ಭಟ್ಟರು ದಿಬ್ಬದಿಂದ ಸೈಕಲ್ ತಂದುಕೊಟ್ಟಿದ್ದರು. ನಸ್ರೀನ್ ಅದರ ಮುಂದಿನ ಚಕ್ರ ಕಳಚಿ, ಗೋಪಾಳದಲ್ಲಿರುವ ತನ್ನ ತಾಯಿಯ ಮನೆಗೆ ಒಯ್ದು, ಮಂಚದ ಕೆಳಗೆ ಇಟ್ಟು ಬಂದಿದ್ದಳು. ಚಕ್ರ ಕಳಚುವುದನ್ನು ಯಾವಾಗ ಕಲಿತಳೋ ಗೊತ್ತಿಲ್ಲ. ನಗು ಬರುವ ವಿಷಯ ಏನೆಂದರೆ, ನನ್ನದು ಸೈಕಲ್ ಅಂಗಡಿ. ಅದೇ ಅಳತೆಯ ಚಕ್ರ ಹತ್ತಾರು ಗೋಡೆಗೆ ನೇತಾಡುತ್ತಿದ್ದವು. ಐದು ನಿಮಿಷದ ಕೆಲಸ. ಅವಳಿಗೂ ಅದು ಗೊತ್ತಿತ್ತು. ನಾನು ಮಾಡಲಿಲ್ಲ. ಏಳು ತಿಂಗಳು ಮುಂದಿನ ಚಕ್ರವಿಲ್ಲದ ಸೈಕಲ್ ಹಜಾರದಲ್ಲಿ ಮೂತಿ ಊರಿಕೊಂಡು ನಿಂತಿತ್ತು. ದಿನವೂ ಅದನ್ನು ದಾಟಿಕೊಂಡು ಅಂಗಡಿಗೆ ಹೋಗಿ, ಬೇರೆಯವರ ಸೈಕಲ್ ಸರಿಮಾಡಿ ಬರುತ್ತಿದ್ದೆ.

ಆ ಏಳು ತಿಂಗಳಲ್ಲಿ ಸ್ಟೀರಾಯ್ಡಿನಿಂದ ಮುಖ ಬೋಗುಣಿಯ ತಳದ ಹಾಗೆ ದುಂಡಗಾಯಿತು. ಸಿಟ್ಟು ಹೆಚ್ಚಾಯಿತು, ಹಸಿವು ಅದಕ್ಕಿಂತ ಹೆಚ್ಚು. ಕೂತು ಕೆಲಸ ಮಾಡಲು ಕಲಿತೆ. ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ ಎಳೆದು ಒಂದು ಗಂಟೆ ಮಲಗುವುದನ್ನು ಕಲಿತೆ, ಯಾರು ಏನಂದರೂ ಸರಿ. ಮಾತ್ರೆಯನ್ನು ಹೇಳಿದ ಹೊತ್ತಿಗೆ, ಹೇಳಿದಷ್ಟೇ. ಭಟ್ಟರು ಭಾನುವಾರ ಬಂದು ಕರೆದುಕೊಂಡು ಹೋಗಿ ತುಂಗೆಯ ದಂಡೆಯಲ್ಲಿ ಕೂರಿಸುತ್ತಿದ್ದರು. ಬೇರೆ ದಾರಿಯಿಲ್ಲದೆ ಹಕ್ಕಿ ಕಾಯುವುದನ್ನೂ ಕಲಿತೆ. ಕಪ್ಪುಬಿಳಿ ಮಿಂಚುಳ್ಳಿಯೊಂದು ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ ಫೋಟೋ ಸಿಕ್ಕಿತು. ಭಟ್ಟರಿಗೆ ಹೊಟ್ಟೆಕಿಚ್ಚಾಗಿ ಎರಡು ವಾರ ಅದರ ಮಾತೆತ್ತಲಿಲ್ಲ.

ಒಂದು ಶುಕ್ರವಾರ ನಸ್ರೀನ್ ತಾಯಿಯ ಮನೆಯಿಂದ ಆಟೋದಲ್ಲಿ ಬಂದಳು. ಮಡಿಲಲ್ಲಿ ಹಳೇ ಬೆಡ್‌ಶೀಟ್ ಸುತ್ತಿದ ಚಕ್ರ. ಡಾಕ್ಟರನ್ನು ತಾನೇ ಹೋಗಿ ಕೇಳಿಕೊಂಡು ಬಂದಿದ್ದಳಂತೆ. ಚಕ್ರ ನನ್ನ ಕೈಗೆ ಕೊಡುವ ಮೊದಲು ಹೇಳಿದಳು: "ಒಂದೇ ಮಾತು. ಸಾಕು ಅನ್ನಿಸಿದ ಜಾಗದಲ್ಲೇ ತಿರುಗ್ಬೇಕು. ಮೇಲೆ ಹತ್ತಿ ಆಮೇಲೆ ತಿರುಗ್ತೀನಿ ಅನ್ನೋದಲ್ಲ. ನೀವು ಹಾಗೆ ಮಾಡೋ ಮನುಷ್ಯ ಅಲ್ಲ ಅಂತ ನಂಗೆ ಗೊತ್ತು. ಆದ್ರೂ ಕೊಡ್ತಿದೀನಿ."

ಅವಳು ಹೇಳಿದ್ದು ನಿಜ. ಅರ್ಧ ದಾರಿಯಿಂದ ನಾನು ಹುಟ್ಟಿದಾಗಿನಿಂದ ತಿರುಗಿದವನಲ್ಲ. ಪಂಕ್ಚರ್ ಆದರೂ ಸೈಕಲ್ ಹೊತ್ತು ತುದಿಗೆ ಹೋಗಿ, ಅಲ್ಲಿ ಪಂಕ್ಚರ್ ಹಾಕಿದವನು. ಮತ್ತೆ ಒಂದು ಸಲ ಮಾತು ತಪ್ಪಿದರೆ ಚಕ್ರ ಮಾತ್ರ ಹೋಗುವುದಲ್ಲ, ಅವಳ ನಂಬಿಕೆ ಪೂರ್ತಿ ಹೋಗುತ್ತದೆ ಅಂತ ನನಗೆ ಗೊತ್ತಿತ್ತು.

ಆ ಭಾನುವಾರ ಭಟ್ಟರು ನನ್ನನ್ನು ಭದ್ರಾವತಿಯ ಹೊರಗಿನ ಒಂದು ನಾಲೆಯ ದಾರಿಗೆ ಕರೆದುಕೊಂಡು ಹೋದರು. ಸಮದಾರಿ, ಕೊನೆಗೊಂದು ಚಿಕ್ಕ ಏರು. ಏರು ಅನ್ನುವುದೂ ಹೆಚ್ಚಾಯಿತು. ಶಾಲೆಯ ಮಕ್ಕಳು ತಂಗಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹತ್ತುವ ಉಬ್ಬು ಅದು. ಮೇಲೆ ಒಂದು ಗೋಣಿಮರ, ಅದರ ಹಿಂದೆ ಎಳೆ ಬಿಸಿಲು. ಒಳ್ಳೆಯ ಫೋಟೋ ಸಿಗುವ ಜಾಗ. ಏಳು ತಿಂಗಳ ಮೇಲೆ ಪೆಡಲ್ ತುಳಿದ ಸಂತೋಷಕ್ಕೆ ನಾನು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದೆ.

ಏರಿನ ಅರ್ಧಕ್ಕೆ ಬಂದಾಗ ಮುಂದೆ ಹೋಗುತ್ತಿದ್ದ ಭಟ್ಟರು ಇಬ್ಬರಾದರು.

ಕಾಲು ನೆಲಕ್ಕಿಟ್ಟೆ. ಡಾಕ್ಟರು ಕಲಿಸಿದ ಹಾಗೆ ಒಂದೇ ಉಸಿರಿನಲ್ಲಿ ಒಂದು, ಎರಡು ಅಂತ ಎಣಿಸಿದೆ, ಇಪ್ಪತ್ತರ ಮೇಲೆ ಹೋಯಿತು. ಉಸಿರಿಗೆ ಏನೂ ಆಗಿರಲಿಲ್ಲ. ಹತ್ತು ನಿಮಿಷ ನಿಂತರೆ ಭಟ್ಟರು ಮತ್ತೆ ಒಬ್ಬರಾಗುತ್ತಾರೆ, ನಿಧಾನಕ್ಕೆ ಹತ್ತಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಮರ ಕಾಣುತ್ತಿತ್ತು. ಹೆಚ್ಚೆಂದರೆ ನೂರು ಹೆಜ್ಜೆ.

"ಭಟ್ರೆ, ನಾನು ತಿರುಗ್ತೀನಿ" ಅಂತ ಕೂಗಿದೆ.    ಒಂದು ಸಣ್ಣ ಉಬ್ಬಿಗೆ ಸೋತೆನಲ್ಲ ಅಂತ ಸಂಕಟವಾಯಿತು.

ಭಟ್ಟರು ಸೈಕಲ್ ತಿರುಗಿಸಿಕೊಂಡು ನನ್ನ ಹತ್ತಿರ ಬಂದರು. ಮೇಲೆ ಹೋಗಿ ಬನ್ನಿ ಅಂದರೆ, "ನಂಗೂ ಸಾಕಾಯ್ತು" ಅಂದರು. ಅವರಿಗೆ ಬೆವರೂ ಬಂದಿರಲಿಲ್ಲ.

ನಸ್ರೀನಳಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿ, "ಏನಾಯ್ತು?" ಅಂದಳು. 

"ಏನೂ ಆಗಿಲ್ಲ. ಉಸಿರು ಸರಿ ಇದೆ. ಕಣ್ಣು ಸ್ವಲ್ಪ ಎರಡಾಯ್ತು. ತಿರುಗ್ತಿದೀನಿ."

"ಮೇಲೆ ಹೋಗಿ ಬಂದ್ರಾ?"

"ಇಲ್ಲ. ಅರ್ಧಕ್ಕೇ."

  ಅವಳು ಫೋನನ್ನು ಬಾಯಿಯಿಂದ ದೂರ ಹಿಡಿದು ಮಗಳನ್ನು ಕೂಗುವುದು ಕೇಳಿಸಿತು: "ಅಫ್ರೀನ್, ಅಬ್ಬಾ ಅರ್ಧಕ್ಕೇ ತಿರುಗಿದಾರಂತೆ." ಅಷ್ಟು ಹೇಳಿ ಅವಳು ಅತ್ತಳು. ನಾನು ಎಷ್ಟೋ ಬೆಟ್ಟದ ತುದಿಯಿಂದ ಅವಳಿಗೆ ಫೋಟೋ ಕಳಿಸಿದ್ದೇನೆ. ಯಾವುದಕ್ಕೂ ಅವಳು 'ಚೆನ್ನಾಗಿದೆ' ಅನ್ನುವುದಕ್ಕಿಂತ ಹೆಚ್ಚಿಗೆ ಏನೂ ಅಂದಿರಲಿಲ್ಲ.